ಕಲ್ಯಾಣಪ್ಪನ ಹೆಸರು ಹೊತ್ತವನು

ಮಂಗಳೂರಿನ ನಂತೂರಿನಿಂದ ಕುಲಶೇಖರದ ಕಡೆಗೆ ಹೋಗುವ ಹಾದಿಯಲ್ಲಿ ಬಿಕರ್ನಕಟ್ಟೆ ಎಂಬ ಸ್ಥಳವಿದೆ. ಬಾಲಯೇಸುವಿನ ಮಂದಿರಕ್ಕೆ ಹರಕೆ ಹೊತ್ತು ಬರುವವರೂ, ಮೂಡಬಿದಿರೆ ಕಾರ್ಕಳಗಳಿಗೆ ಹೋಗುವವರೂ ದಿನವೂ ಅದನ್ನು ಹಾದುಹೋಗುತ್ತಾರೆ. 1837ರಲ್ಲಿ ಕಂಪೆನಿ ಸರಕಾರವು ಬಂಡಾಯದ ಮುಖಂಡರನ್ನು ಗಲ್ಲಿಗೇರಿಸಿದ್ದು ಇಲ್ಲಿಯೇ. ಜನರ ಬಾಯಲ್ಲಿ ಅದು ಕಲ್ಯಾಣಪ್ಪನ ಕಟ್ಟೆ. ವಿಚಿತ್ರವೆಂದರೆ, ಅಲ್ಲಿ ಉರುಳಿಗೆ ಕೊರಳೊಡ್ಡಿದವನು ಕಲ್ಯಾಣಪ್ಪನಲ್ಲ. ಆ ಹೆಸರಿನ ಜಂಗಮನು ಆ ವೇಳೆಗೆ ಮೈಸೂರು ಸೀಮೆಯಲ್ಲಿ ಸೆರೆಸಿಕ್ಕಿದ್ದನು. ಸತ್ತವನು ಪುಟ್ಟಬಸಪ್ಪ.

ಈ ಕಥೆಯ ಬೇರು ಕಡಲತಡಿಯಲ್ಲಿಲ್ಲ, ಘಟ್ಟದ ಬುಡದಲ್ಲಿದೆ. ಪುತ್ತೂರನ್ನು ದಾಟಿ, ಜಾಲ್ಸೂರಿನ ತಿರುವುಗಳನ್ನು ಕಳೆದು ಸುಳ್ಯಕ್ಕೆ ಬಂದರೆ ಪಯಸ್ವಿನಿಯ ದಂಡೆ. ಎರಡೂ ಕಡೆ ಅಡಕೆಯ ತೋಟಗಳು, ಆಚೆಗೆ ಪೂಮಲೆಯ ದಟ್ಟ ಕಾಡು. ಅಮರ ಸುಳ್ಯವೆಂಬ ಈ ಮಾಗಣೆ ಹಿಂದೆ ಕೊಡಗಿನ ಅರಸರದು. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪಟ್ಟದಿಂದಿಳಿಸಿದ ಕಂಪೆನಿಯವರು ಇದನ್ನು ಕೊಡಗಿನಿಂದ ಕಿತ್ತು ಕೆನರಾ ಜಿಲ್ಲೆಗೆ ಸೇರಿಸಿದರು. ಅರಸರ ಕಾಲದಲ್ಲಿ ರೈತನು ಬೆಳೆದ ಬೆಳೆಯನ್ನೇ ಅಳೆದುಕೊಟ್ಟು ಕಂದಾಯ ತೀರಿಸುತ್ತಿದ್ದನು. ಈಗ ನಗದು ಹಣವನ್ನೇ ಎಣಿಸಬೇಕಾಯಿತು. ಹಣವಿದ್ದುದು ಸಾಹುಕಾರನ ಪೆಟ್ಟಿಗೆಯಲ್ಲಿ. ದಂಗೆಗೆ ಇದಕ್ಕಿಂತ ದೊಡ್ಡ ಕಾರಣವನ್ನು ಹುಡುಕಬೇಕಾಗಿಲ್ಲ.

ಅರಸನಿಲ್ಲದ ನಾಡಿನಲ್ಲಿ ಅರಸುಮಕ್ಕಳೆಂದು ಹೇಳಿಕೊಳ್ಳುವವರು ಹುಟ್ಟಿಕೊಂಡರು. ಮೊದಲು ಬಂದವನು ಅಪರಂಪರಸ್ವಾಮಿ. ತಾನು ರಾಜವಂಶದ ಅಪ್ಪಾಜಿಯ ಮಗ ವೀರಪ್ಪನೆಂದನು. ಅವನು ಸೆರೆಯಾದ ಮೇಲೆ ಕಲ್ಯಾಣಸ್ವಾಮಿ ಬಂದು, ಅದೇ ಅಪ್ಪಾಜಿಯ ಇನ್ನೊಬ್ಬ ಮಗ ನಂಜುಂಡಪ್ಪ ತಾನೆಂದನು. ಅವನೂ ಸಿಕ್ಕಿಬಿದ್ದಾಗ, ಕಾಡಿನಲ್ಲಿ ನೆರೆದ ಮುಖಂಡರು ಪುಟ್ಟಬಸಪ್ಪನನ್ನು ಕಾವಿಯುಡಿಸಿ ಜನರ ಮುಂದೆ ನಿಲ್ಲಿಸಿದರು. ಒಬ್ಬನ ವೇಷ ಇನ್ನೊಬ್ಬನಿಗೆ, ಆ ಇನ್ನೊಬ್ಬನ ವೇಷ ಮತ್ತೊಬ್ಬನಿಗೆ! ಯಕ್ಷಗಾನದ ನಾಡಿಗೆ ಇದು ಹೊಸತೇನಲ್ಲ. ಆದರೆ ಈ ವೇಷವನ್ನು ಬೆಳಗಾದ ಮೇಲೆ ಕಳಚಿಡುವಂತಿರಲಿಲ್ಲ.

ಕಳಚಲಾಗದಂತೆ ಮಾಡಿದ್ದು ಒಂದು ಕೊಲೆ. ಸುಳ್ಯದಲ್ಲಿ ಸರಕಾರದ ಅಧಿಕಾರಿಯಾಗಿದ್ದ ಅಟ್ಲೂರು ರಾಮಪ್ಪಯ್ಯನು ತನ್ನ ದರ್ಪದಿಂದ ಜನರ ದ್ವೇಷವನ್ನು ಕಟ್ಟಿಕೊಂಡಿದ್ದನು. 1837ರ ಮಾರ್ಚಿಯ ಕೊನೆಯಲ್ಲಿ ದಂಗೆಕೋರರು ಅವನನ್ನು ಮುಗಿಸಿದರು. ಸರಕಾರದ ಮನುಷ್ಯ ಹತನಾದ ಮೇಲೆ ಕ್ಷಮೆಯ ಮಾತೆಲ್ಲಿ? ಅಂಜಿ ಮನೆಯಲ್ಲಿದ್ದ ಗೌಡರೂ ಸ್ವಾಮಿಯ ದಂಡಿಗೆ ಸೇರಿದರು. ಬೆಳ್ಳಾರೆಯ ಖಜಾನೆ ಕೈವಶವಾಯಿತು. ಪುತ್ತೂರಿಗೆ ಬಂದ ಕಲೆಕ್ಟರನು ಸಿಪಾಯಿಗಳೊಡನೆ ಹಿಮ್ಮೆಟ್ಟಿದನು. ಏಪ್ರಿಲ್ ಮೊದಲ ವಾರದಲ್ಲಿ ದಂಡು ಮಂಗಳೂರನ್ನು ಹೊಕ್ಕಿತು. ಬಾವುಟಗುಡ್ಡದ ಮೇಲೆ ಅವರ ಬಾವುಟ ಏರಿತು. ಸುಮಾರು ಎರಡು ವಾರ ಈ ಊರಿನಲ್ಲಿ ಕಂಪೆನಿಯ ಆಳಿಕೆ ನಡೆಯಲಿಲ್ಲ. ಬಳಿಕ ಕಣ್ಣಾನೂರಿನ ಕಡೆಯಿಂದ ಸೈನ್ಯ ಬಂದಿತು. ಕೊಡಗಿನಲ್ಲಿ ದಿವಾನ ಬೋಪು ಮೊದಲಾದವರು ಸರಕಾರದ ಪಕ್ಷವಹಿಸಿದರು. ಅವರಿಗೆ ಚಿನ್ನ ಬೆಳ್ಳಿಯ ಪದಕಗಳು ದೊರೆತವು, ಸ್ವಾಮಿಗೆ ಬಿಕರ್ನಕಟ್ಟೆ ದೊರೆಯಿತು.

ಪುಟ್ಟಬಸಪ್ಪನು ಜನರನ್ನು ವಂಚಿಸಿದನೇ? ಆಂಗ್ಲರ ಬರಹಗಳ ದೃಷ್ಟಿಯಲ್ಲಿ ಇದು ಮುಗ್ಧ ರೈತರನ್ನು ಮರುಳುಮಾಡಿದ ಸೋಗು. ಈಚಿನ ವಿದ್ವಾಂಸರು ಇದನ್ನು ಬುದ್ಧಿಪೂರ್ವಕವಾದ ಯುದ್ಧತಂತ್ರವೆನ್ನುತ್ತಾರೆ: ನಾಯಕ ಸೆರೆಯಾದ ಸುದ್ದಿ ಹಬ್ಬಿದರೆ ದಂಡು ಚದರುತ್ತದೆ, ಆದ್ದರಿಂದ ಹೆಸರನ್ನು ಉಳಿಸಿ ಮನುಷ್ಯನನ್ನು ಬದಲಿಸಿದರು. ಎರಡನೆಯ ಮಾತೇ ಹೆಚ್ಚು ಸಮಂಜಸ. ಕೆದಂಬಾಡಿ ರಾಮಯ್ಯಗೌಡರಂಥ ಹಿರಿಯರು ಮೋಸಹೋದವರಲ್ಲ, ವೇಷ ಕಟ್ಟಿದವರು. ಆದರೆ ಅವರ ಹಿಂದೆ ನಡೆದ ಸಾಮಾನ್ಯ ರೈತನಿಗೆ ಗುಟ್ಟು ತಿಳಿದಿತ್ತೇ ಎಂಬುದು ಬೇರೆಯೇ ಪ್ರಶ್ನೆ. ಪ್ರಾಣ ಕೊಟ್ಟವರಲ್ಲಿ ಅವನೂ ಇದ್ದನಷ್ಟೆ.

ಇಂಥ ಸಂದೇಹಗಳು ನಮ್ಮ ನಾಡಿಗೇ ಮೀಸಲಲ್ಲ. ರಷ್ಯದಲ್ಲಿ ಪುಗಚೇವನು 1773ರಲ್ಲಿ, ಸತ್ತುಹೋಗಿದ್ದ ಮೂರನೆಯ ಪೀಟರನೇ ತಾನೆಂದು ರೈತರನ್ನು ಕೂಡಿಸಿದನು. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯ ಕೊಲೆಯಾದಾಗ, ಆರೋಪಿ ಆಸ್ವಾಲ್ಡನ ಹೆಸರಿನಲ್ಲಿ ಬೇರೊಬ್ಬನು ತಿರುಗಾಡಿದ್ದನೆಂಬ ವಾದ ಹುಟ್ಟಿತು. ಗೋರಿಯಲ್ಲಿರುವವನೇ ಬೇರೆ ಎಂದೂ ಕೆಲವರು ಹಟ ಹಿಡಿದರು. 1981ರಲ್ಲಿ ಗೋರಿಯನ್ನು ಅಗೆದು, ಹಲ್ಲುಗಳನ್ನು ಪರೀಕ್ಷಿಸಿ, ಅವನೇ ಇವನೆಂದು ವೈದ್ಯರು ನಿರ್ಣಯಿಸಬೇಕಾಯಿತು. ಅಲ್ಲಿ ಹೆಸರೂ ದೇಹವೂ ಒಂದೇ ಆಗಿದ್ದರೂ ಜನ ನಂಬಲಿಲ್ಲ. ಇಲ್ಲಿ ಅವೆರಡೂ ಬೇರೆಯಾಗಿದ್ದರೂ ಜನ ಸಂದೇಹಿಸಲಿಲ್ಲ.

ತುಳುನಾಡಿನ ಹಳಬರು ಈ ದಂಗೆಯನ್ನು ‘ಕಲ್ಯಾಣಪ್ಪನ ಕಾಟಕಾಯಿ’ ಎಂದರು. ಆ ಮಾತಿನಲ್ಲಿ ಗೌರವಕ್ಕಿಂತ ಲೂಟಿಯ ಭಯವೇ ಹೆಚ್ಚು. ಸುಳ್ಯದವರಿಗೆ ವೀರರಾದವರು ಪೇಟೆಯವರಿಗೂ ವೀರರಾಗಿಯೇ ಕಾಣಬೇಕೆಂದಿಲ್ಲ. ಸುಳ್ಯದ ಸೀಮೆಯವರೇ ಆದ ನಿರಂಜನರು ಈ ಪ್ರಸಂಗವನ್ನು ಕಾದಂಬರಿಯಾಗಿಸಿದಾಗಲೂ ಇಟ್ಟ ಹೆಸರು ‘ಕಲ್ಯಾಣಸ್ವಾಮಿ’. ಮಡಿಕೇರಿಯಲ್ಲಿ ನೇಣಿಗೇರಿದ ಗುಡ್ಡೆಮನೆ ಅಪ್ಪಯ್ಯಗೌಡರಿಗೆ ಆ ಊರಿನಲ್ಲಿಯೇ ಪ್ರತಿಮೆಯಿದೆ. 2022ರಲ್ಲಿ ಬಾವುಟಗುಡ್ಡದಲ್ಲಿ ಕೆದಂಬಾಡಿ ರಾಮಯ್ಯಗೌಡರ ಕಂಚಿನ ಪ್ರತಿಮೆ ಎದ್ದುನಿಂತಿತು. ಬಿಕರ್ನಕಟ್ಟೆಯ ನೆನಪು ಮಾತ್ರ ಇಂದಿಗೂ ಕಲ್ಯಾಣಪ್ಪನ ಹೆಸರಿನಲ್ಲಿಯೇ ಇದೆ.