ತುಂಟತನದ ಹಿಂದಿನ ಅಂಜಿಕೆ

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?’ ಎಂಬ ಗಾದೆಯನ್ನು ನಾನು ತರಗತಿಯಲ್ಲಿ ಎಷ್ಟು ಸಲ ಹೇಳಿರುವೆನೋ ಲೆಕ್ಕವಿಲ್ಲ. ಮಕ್ಕಳನ್ನು ಬಗ್ಗಿಸುವುದೇ ಉಪಾಧ್ಯಾಯನ ಕೆಲಸವೆಂದು ನಂಬಿದ್ದ ನನಗೆ, ಗಿಡ ಏಕೆ ಅಲುಗಾಡುತ್ತಿದೆಯೆಂದು ಮೊದಲು ನೋಡಬೇಕೆಂಬುದನ್ನು ಕಲಿಸಿದವನು ನನ್ನ ಅಕ್ಕನ ಮಗ. ಈಗ ಅವನು ಬೆಳೆದು ಕೆಲಸದಲ್ಲಿದ್ದಾನೆ. “ಬರೆಯಿರಿ ಮಾವ, ನಾಲ್ಕು ಜನಕ್ಕೆ ಉಪಯೋಗವಾಗಲಿ” ಎಂದು ಅವನೇ ಒಪ್ಪಿದ್ದರಿಂದ, ಹೆಸರು ಹೇಳದೆ ಆ ಸಂಗತಿಯನ್ನು ಇಲ್ಲಿ ತಿಳಿಸುತ್ತೇನೆ.

ಎಂಟನೆಯ ತರಗತಿಗೆ ಅವನು ಪಾಲಕೋಡಿನ ನಮ್ಮ ಮನೆಗೆ ಬಂದನು. ಊಟಕ್ಕೆ ಕುಳಿತರೆ ಅರ್ಧಕ್ಕೇ ಏಳುವನು. ಉಪ್ಪು ತರಲು ಕಳುಹಿಸಿದರೆ ಟೊಮ್ಯಾಟೊ ಮಂಡಿಯ ಮುಂದೆ ಲಾರಿಗಳನ್ನು ನೋಡುತ್ತ ನಿಂತು ಬರಿಗೈಯಲ್ಲಿ ಹಿಂದಿರುಗುವನು. ಗಟ್ಟಿಯಾಗಿ ಪಾಠ ಓದಬೇಕಾದ ದಿನ ಬೆಳಿಗ್ಗೆ ತಪ್ಪದೆ ಹೊಟ್ಟೆನೋವು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುವ ಊರು ನಮ್ಮದು. ಎರಡು ಭಾಷೆಗಳ ಗೊಂದಲವಿರಬೇಕೆಂದು ಮೊದಲು ತಿಳಿದೆ. ಆಮೇಲೆ ಸೋಮಾರಿತನವೆಂದೆ. ಕಡೆಗೆ ಎಲ್ಲವೂ ನೆಪವೆಂದು ಗದರಿಸಿದೆ. ಒಂದು ದಿನ ಹೀಗೆ ಗದರಿಸುತ್ತ ಅವನ ಕೈ ಹಿಡಿದೆ. ಅಂಗೈ ಬೆವರಿನಿಂದ ತೊಯ್ದು ನಡುಗುತ್ತಿತ್ತು. ನಟಿಸುವವನ ಕೈ ಹಾಗೆ ನಡುಗುವುದಿಲ್ಲ.

ಅಕ್ಕನೂ ನಾನೂ ಅವನನ್ನು ರೈಲಿನಲ್ಲಿ ಹೊಸೂರಿನ ಮೇಲೆ ಬೆಂಗಳೂರಿಗೆ, ಮಕ್ಕಳ ಮನೋವೈದ್ಯರ ಬಳಿಗೆ ಕರೆದೊಯ್ದೆವು. ಅವರು ಕೂಡಲೆ ಮದ್ದು ಬರೆಯಲಿಲ್ಲ. ಹುಡುಗ ಮನೆಯಲ್ಲಿ ಹೇಗಿರುತ್ತಾನೆ, ಶಾಲೆಯಲ್ಲಿ ಹೇಗಿರುತ್ತಾನೆ ಎಂದು ಎರಡೂ ಕಡೆಯಿಂದ ಬರೆಸಿಕೊಂಡರು. ಅವನೊಡನೆ ಬೇರೆಯಾಗಿ ಮಾತಾಡಿದರು. ಬಳಿಕ, “ಇವನಲ್ಲಿ ಎರಡು ತೊಂದರೆಗಳಿವೆ. ಒಂದು ಗಮನದ ಕೊರತೆ ಮತ್ತು ಅತಿ ಚಟುವಟಿಕೆ, ಅಂದರೆ ಎ.ಡಿ.ಎಚ್.ಡಿ. ಇನ್ನೊಂದು ಅತಿಯಾದ ಆತಂಕ” ಎಂದರು. ಇವೆರಡೂ ಜೊತೆಯಾಗಿರುವ ಮಕ್ಕಳು ಅಪರೂಪವಲ್ಲವಂತೆ.

ಇದು ಈ ಕಾಲದ ಹೊಸ ಕಾಯಿಲೆಯೆಂದು ಕೆಲವರು ಹೇಳುವುದುಂಟು. ಅದು ಸರಿಯಲ್ಲ. 1902ರಲ್ಲಿಯೇ ಲಂಡನ್ನಿನ ವೈದ್ಯ ಜಾರ್ಜ್ ಸ್ಟಿಲ್ ಇಂತಹ ಮಕ್ಕಳ ಬಗ್ಗೆ ಉಪನ್ಯಾಸ ಮಾಡಿದ್ದರು. 1937ರಲ್ಲಿ ಅಮೆರಿಕದ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯರು, ಉತ್ತೇಜಕ ಮದ್ದು ಕೊಟ್ಟಾಗ ಕೆಲವು ಚಂಚಲ ಮಕ್ಕಳು ಶಾಂತವಾಗಿ ಪಾಠ ಕಲಿತುದನ್ನು ಪ್ರಕಟಿಸಿದರು. ನಮ್ಮ ಹುಡುಗನಿಗೆ ಕೊಟ್ಟ ಮೀಥೈಲ್‌ಫೆನಿಡೇಟ್ ಕೂಡ ಉತ್ತೇಜಕವೇ. ಅದು ನಿದ್ದೆ ಬರಿಸುವ ಮದ್ದಲ್ಲ. ಮನಸ್ಸನ್ನು ಒಂದು ಕಡೆ ನಿಲ್ಲಿಸಲು ಮಿದುಳಿಗೆ ನೆರವಾಗುತ್ತದೆ. ಹಸಿವು ಕಡಿಮೆಯಾಗಬಹುದು, ನಿದ್ದೆ ತಡವಾಗಬಹುದು. ಆದ್ದರಿಂದ ವೈದ್ಯರು ಆಗಾಗ ತೂಕ, ಎತ್ತರ, ರಕ್ತದೊತ್ತಡಗಳನ್ನು ನೋಡುತ್ತಾರೆ.

ಕೆಲವು ಮಕ್ಕಳಿಗೆ ಗಮನ ಸುಧಾರಿಸಿ, ಬೈಗುಳ ಕಡಿಮೆಯಾದ ಕೂಡಲೆ ಅಂಜಿಕೆಯೂ ಇಳಿಯುತ್ತದೆ. ನಮ್ಮವನಿಗೆ ಇಳಿಯಲಿಲ್ಲ. ಭಯವನ್ನು ಸ್ವಲ್ಪಸ್ವಲ್ಪವಾಗಿ ಎದುರಿಸುವುದನ್ನು ಮಾತುಕತೆಯ ಮೂಲಕ ಕಲಿಸಿದರು. ಅದೂ ಸಾಲದಾದಾಗ ಸೆರ್ಟ್ರಾಲಿನ್ ಎಂಬ ಮಾತ್ರೆಯನ್ನು ಸೇರಿಸಿದರು. ಅದರ ಗುಣ ಕಾಣಲು ಕೆಲವು ವಾರಗಳು ಬೇಕು, ಮೊದಲ ದಿನಗಳಲ್ಲಿ ಹುಡುಗನ ಮನಸ್ಸು ಕದಡಿದಂತೆ ಕಂಡರೆ ಇಲ್ಲವೆ ತನಗೇ ಕೇಡು ಮಾಡಿಕೊಳ್ಳುವ ಮಾತಾಡಿದರೆ ಕೂಡಲೆ ತಿಳಿಸಬೇಕು ಎಂದು ಎಚ್ಚರಿಸಿದರು.

ತಿಂಗಳುಗಳು ಕಳೆದವು. ಅವನು ಗಟ್ಟಿಯಾಗಿ ಓದತೊಡಗಿದನು. ಆಗ ನಾನು ಮಾಡಿದ ತಪ್ಪನ್ನು ಮುಚ್ಚಿಡಲಾರೆ. “ಚಿಕ್ಕ ಹುಡುಗನಿಗೆ ಇದೆಲ್ಲ ಅಭ್ಯಾಸವಾಗಿಬಿಡುತ್ತದೆ” ಎಂದು ಯಾರೋ ಹೇಳಿದ ಮಾತು ಕೇಳಿ, ಅಕ್ಕನಿಗೂ ತಿಳಿಸದೆ, ಸೆರ್ಟ್ರಾಲಿನ್ ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸಿದೆ. ಮೂರು ನಾಲ್ಕು ದಿನಗಳಲ್ಲಿ ತಲೆಸುತ್ತು, ಸಿಡುಕು, ನಿದ್ದೆಗೇಡು ಆರಂಭವಾದವು. ಅರೆವಾರ್ಷಿಕ ಪರೀಕ್ಷೆಯಲ್ಲಿ ಹಾಳೆಯನ್ನು ಖಾಲಿ ಬಿಟ್ಟು ಬಂದನು. “ನಾನೇನು ತಪ್ಪು ಮಾಡಿದೆ ಮಾವ?” ಎಂದು ಅವನು ಕೇಳಿದಾಗ ನನಗೆ ನಾಲಗೆ ಏಳಲಿಲ್ಲ. ಇಂತಹ ಮಾತ್ರೆಯನ್ನು ನಿಲ್ಲಿಸುವುದಾದರೂ ವೈದ್ಯರೇ ಮೆಲ್ಲಮೆಲ್ಲನೆ ಇಳಿಸಬೇಕೆಂದು ಆಮೇಲೆ ತಿಳಿದೆ. ಮುಂದೆ ಅವರೇ ಹಾಗೆ ಇಳಿಸಿ ನಿಲ್ಲಿಸಿದರು.

ಪೋಷಕರೇ, ಓಡಾಡುವ ಮಗುವಿಗೆಲ್ಲ ಮದ್ದು ಬೇಕೆಂದು ನಾನು ಹೇಳುವುದಿಲ್ಲ. ನೆರೆಮನೆಯ ಮಗುವಿಗೆ ಹಿಡಿಸಿದ ಮಾತ್ರೆಯನ್ನು ನಮ್ಮ ಮಗುವಿಗೆ ಕೊಡಲೂ ಬಾರದು, ವೈದ್ಯರು ಕೊಟ್ಟುದನ್ನು ನಾವೇ ಬಿಡಿಸಲೂ ಬಾರದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಯಲ್ಲಿ ಈ ತೊಂದರೆಯೂ ಸೇರಿದೆ. ಶಾಲೆಗೆ ವೈದ್ಯತಂಡ ಬಂದಾಗ ಸಂಕೋಚವಿಲ್ಲದೆ ಹೇಳಿರಿ. ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿಯೂ ಸಲಹೆ ಕೇಳಬಹುದು.

ವಿದ್ಯಾರ್ಥಿಗಳೇ, ಮಾತ್ರೆ ನುಂಗುವ ಗೆಳೆಯನನ್ನು ಹುಚ್ಚನೆಂದು ಹಂಗಿಸಬೇಡಿ. ಕಣ್ಣು ಮಂದವಾದವನು ಕನ್ನಡಕ ಹಾಕಿಕೊಳ್ಳುವುದಿಲ್ಲವೇ? ಇನ್ನು ನನ್ನ ವಿಷಯ: ಆ ಗಾದೆಯನ್ನು ನಾನು ಈಗಲೂ ಪಾಠದಲ್ಲಿ ಹೇಳುತ್ತೇನೆ. ಆದರೆ ಯಾವ ಹುಡುಗನನ್ನಾದರೂ ಗದರಿಸುವ ಮುನ್ನ, ಒಮ್ಮೆ ಅವನ ಕೈಗಳನ್ನು ನೋಡುತ್ತೇನೆ.