ಬಿಳಿ ಬೂಷ್ಟಿನ ಪಾಠ

ಬ್ರೆಡ್ಡಿನ ಮೇಲೆ ಬೂಷ್ಟು ಕಂಡರೆ ಮನೆಯಲ್ಲಿ ಅದನ್ನು ತಿಪ್ಪೆಗೆ ಎಸೆಯುತ್ತಾರೆ. ಎಸೆಯುವುದೇ ಸರಿ, ಅದರಲ್ಲಿ ವಿಷವಿರಬಹುದು. ಆದರೆ ಫ್ರಾನ್ಸಿನ ನಾರ್ಮಂಡಿ ಪ್ರಾಂತದ ಚೀಸ್ ತಯಾರಕರಿಗೆ ಬೂಷ್ಟು ಬಾರದಿದ್ದರೇ ಚಿಂತೆ. ಅಲ್ಲಿನ ಹೆಸರಾಂತ ಕ್ಯಾಮಂಬೇರ್ ಚೀಸ್ ಮಾಗುವುದೇ ಬೂಷ್ಟಿನಿಂದ.

ಇದರ ತಯಾರಿಕೆ ನಮ್ಮ ಮೊಸರಿನಂತೆಯೇ ಆರಂಭವಾಗುತ್ತದೆ. ಬ್ಯಾಕ್ಟೀರಿಯಗಳು ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿಸುತ್ತವೆ. ಕರುವಿನ ಜಠರದಿಂದ ದೊರೆಯುವ, ಕಿಣ್ವಗಳಿರುವ ರೆನ್ನೆಟ್ ಸೇರಿಸಿದಾಗ ಹಾಲು ಗಟ್ಟಿಯಾಗುತ್ತದೆ. ಅದನ್ನು ದುಂಡನೆಯ ಅಚ್ಚಿಗೆ ತುಂಬಿ, ನೀರು ಬಸಿದು, ಉಪ್ಪು ಹಾಕಿ ತಂಪು ಕೋಣೆಯಲ್ಲಿಡುತ್ತಾರೆ. ಸುಮಾರು ಕಾಲು ಕಿಲೋ ತೂಗುವ ಈ ಬಿಲ್ಲೆಗೆ ಆಗ ಹುಳಿಯ ಹೊರತು ಹೇಳಿಕೊಳ್ಳುವ ರುಚಿಯಿರುವುದಿಲ್ಲ.

ಮುಂದಿನ ಸುಮಾರು ಮೂರು ವಾರ ಸೂಕ್ಷ್ಮಜೀವಿಗಳ ಕೆಲಸ. ಮೊದಲು ಯೀಸ್ಟುಗಳೂ ಜಿಯೋಟ್ರೈಕಮ್ ಎಂಬ ಶಿಲೀಂಧ್ರವೂ ಮೇಲ್ಮೈಯ ಆಮ್ಲವನ್ನು ತಿಂದು ಹುಳಿ ತಗ್ಗಿಸುತ್ತವೆ. ಬಳಿಕ ಪೆನಿಸಿಲಿಯಮ್ ಕ್ಯಾಮಂಬರ್ಟಿ ಎಂಬ ಬೂಷ್ಟು ಬಿಳಿ ಅರಳೆಯಂತೆ ಹಬ್ಬುತ್ತದೆ. ಅದರ ಕಿಣ್ವಗಳು ಪ್ರೋಟೀನನ್ನೂ ಕೊಬ್ಬನ್ನೂ ಒಡೆದಾಗ ಪರಿಮಳ ಹುಟ್ಟುತ್ತದೆ. ಬಿಲ್ಲೆ ಹೊರಗಿನಿಂದ ಒಳಕ್ಕೆ ಬೆಣ್ಣೆಯಂತೆ ಮೆದುವಾಗುತ್ತ ಬರುತ್ತದೆ. ಹಾಗಾದರೆ ಕೊಳೆಯುವುದಕ್ಕೂ ಮಾಗುವುದಕ್ಕೂ ಏನು ವ್ಯತ್ಯಾಸ? ಯಾವ ಜೀವಿ, ಎಷ್ಟು ತಂಪು, ಎಷ್ಟು ಉಪ್ಪು, ಎಷ್ಟು ದಿನ ಎಂಬ ಲೆಕ್ಕದ್ದು.

ಈ ಲೆಕ್ಕದಲ್ಲೇ ಮನುಷ್ಯ ಒಂದು ಕಡೆ ಎಡವಿದ. ನೂರು ವರ್ಷಗಳಿಗೂ ಹಿಂದೆ ಈ ಚೀಸಿನ ಸಿಪ್ಪೆಯಲ್ಲಿ ಬೂದು, ನೀಲಿ, ಹಸಿರು ಛಾಯೆಗಳಿರುತ್ತಿದ್ದವು. 20ನೇ ಶತಮಾನದಲ್ಲಿ ಅಚ್ಚ ಬಿಳುಪೇ ಚೆಂದವೆನಿಸಿತು. ತಯಾರಕರು ಒಂದೇ ಬಿಳಿ ತಳಿಯನ್ನು ಆರಿಸಿ, ಅದರದೇ ಪ್ರತಿಗಳನ್ನು ದಶಕಗಳ ಕಾಲ ಬೆಳೆಸಿದರು. ಬೇರೆ ತಳಿಯೊಡನೆ ಬೆರೆಯಲು ಅವಕಾಶವೇ ಇಲ್ಲದೆ ಅದರಲ್ಲಿ ದೋಷಗಳು ಸೇರುತ್ತ ಹೋದವು. ಈ ತಳಿಯಿಂದ ತಯಾರಿಕೆಗೆ ಬೇಕಾದಷ್ಟು ಬೀಜಕಗಳನ್ನು ಪಡೆಯುವುದೇ ಕಷ್ಟವಾಗಿದೆ ಎಂದು ಫ್ರಾನ್ಸಿನ ರಾಷ್ಟ್ರೀಯ ಸಂಶೋಧನಾ ಸಂಸ್ಥೆ ಸಿ.ಎನ್.ಆರ್.ಎಸ್. 2024ರಲ್ಲಿ ಎಚ್ಚರಿಸಿತು. ಸಾವಿರಾರು ಮಕ್ಕಳಿದ್ದರೂ ಎಲ್ಲರೂ ಒಬ್ಬನದೇ ನಕಲಾದರೆ, ಒಬ್ಬನ ದೌರ್ಬಲ್ಯವೇ ಎಲ್ಲರದೂ ಆಗುತ್ತದೆ.

ದಾರಿ ಪೂರ್ತಿ ಮುಚ್ಚಿಲ್ಲ. ಹಸಿ ಹಾಲಿನ ಚೀಸುಗಳಲ್ಲಿ ಸಹಜವಾಗಿ ಕಾಣುವ ಪೆನಿಸಿಲಿಯಮ್ ಬೈಫಾರ್ಮೆ ಎಂಬ ಹತ್ತಿರದ ಬಂಧುವಿನಲ್ಲಿ ವೈವಿಧ್ಯ ಇನ್ನೂ ಉಳಿದಿದೆ. ಅದನ್ನು ಬಳಸಿದರೆ ಬಣ್ಣ, ರುಚಿ ಬಿಲ್ಲೆಯಿಂದ ಬಿಲ್ಲೆಗೆ ಬೇರೆಯಾಗಬಹುದು. ಚೀಸ್ ಮಾಗುವ ತನಕ ಕಾಯುವ ತಾಳ್ಮೆಯನ್ನು ನಾರ್ಮಂಡಿಯ ರೈತರು ಎಂದೋ ಕಲಿತರು. ಎಲ್ಲವೂ ಒಂದೇ ಬಣ್ಣದಲ್ಲಿರಬೇಕೆಂಬ ಹಟ ಬಿಡುವುದನ್ನು ತಿನ್ನುವವರು ಈಗ ಕಲಿಯಬೇಕಾಗಿದೆ.