ಡಿಕ್ಕಿಯಲ್ಲೊಂದು ಕುರ್ಚಿ, ಎದುರಿಗೆ ಜೋಗಿಮಟ್ಟಿ

ಚಿತ್ರದುರ್ಗ ಜಿಲ್ಲೆಯಲ್ಲಿ ಹುಟ್ಟಿದವರಿಗೆ ಬಂಡೆ ಹತ್ತುವುದನ್ನು ಯಾರೂ ಕಲಿಸಬೇಕಾಗಿಲ್ಲ. ಹೊಸದುರ್ಗದ ನಾವೂ ಅಷ್ಟೇ. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಭಾನುವಾರ ಬಂತೆಂದರೆ ದುರ್ಗದ ಕೋಟೆ, ಇಲ್ಲವೇ ಚಂದ್ರವಳ್ಳಿ. ಮೊಣಕಾಲಿನ ಖಾತೆಯಿಂದ ಧಾರಾಳವಾಗಿ ತೆಗೆದು ಖರ್ಚು ಮಾಡಿದ್ದಾಯಿತು, ಅದಕ್ಕೆ ಬೇಸರವಿಲ್ಲ. ಈಗ ವಯಸ್ಸು ಎಪ್ಪತ್ತನಾಲ್ಕು. ಸೊಂಟದ ಶಸ್ತ್ರಚಿಕಿತ್ಸೆ ಆದಮೇಲೆ ಖಾತೆಯಲ್ಲಿರುವುದು ಕನಿಷ್ಠ ಶಿಲ್ಕು ಮಾತ್ರ. ವಾಕರ್ ಹಿಡಿದು ನೂರು ಹೆಜ್ಜೆ ಹಾಕುತ್ತೇನೆ. ನೂರಾ ಒಂದನೆಯದಕ್ಕೆ ಕೂರಲೇಬೇಕು.

2022ರಲ್ಲಿ ನಮ್ಮ ವಾಣಿವಿಲಾಸ ಸಾಗರ, ಅಂದರೆ ಮಾರಿಕಣಿವೆ, 1933ರ ನಂತರ ಮೊದಲ ಸಲ ಕೋಡಿ ಬಿತ್ತು. ಊರಿಗೆ ಊರೇ ನೋಡಲು ಹೊರಟಿತು. ಮನೆಯವರೂ ಹೋದರು. ‘ತಾತ, ನಿಮಗೆ ಫೋಟೊ ತರ್ತೀವಿ’ ಅಂದರು, ತಂದರು ಕೂಡ. ಫೋಟೊದಲ್ಲಿ ನೀರಿತ್ತು, ಅದರ ಸದ್ದಿರಲಿಲ್ಲ.

ಹಾಗಾಗಿ ಆರನೇ ಕ್ಲಾಸಿನ ಮೊಮ್ಮಗಳು ದಸರಾ ರಜೆಯಲ್ಲಿ ಜೋಗಿಮಟ್ಟಿಗೆ ಹೋಗೋಣ ಎಂದಾಗ ನಾನು ಬಾಯಿ ಬಿಡಲಿಲ್ಲ. ಅವಳೇ ಮುಂದುವರಿದು, ‘ತಾತನೂ ಬರ್ಲಿ. ಕಾರು ಮೇಲಿನ ತನಕ ಹೋಗುತ್ತಂತೆ’ ಅಂದಳು. ಮಕ್ಕಳೇ, ಆ ಕೊನೆಯ ಮಾತಿನ ಬೆಲೆ ನಿಮಗೆ ಈಗ ತಿಳಿಯದು.

ಜೋಗಿಮಟ್ಟಿ ಚಿತ್ರದುರ್ಗ ನಗರದ ಪಕ್ಕದ ಕಾಡುಬೆಟ್ಟ. ಎತ್ತರ ಸುಮಾರು 3,800 ಅಡಿ. 2015ರಲ್ಲಿ ಇಲ್ಲಿನ ಸುಮಾರು 100 ಚದರ ಕಿಲೋಮೀಟರ್ ಕಾಡನ್ನು ವನ್ಯಜೀವಿಧಾಮವೆಂದು ಘೋಷಿಸಿದರು. ಚಿರತೆ, ಕರಡಿ, ನವಿಲುಗಳಿವೆ. ದಕ್ಷಿಣ ಭಾರತದ ಕಲ್ಲುಗುಡ್ಡಗಳ ಕುರುಚಲಲ್ಲಿ ಮಾತ್ರ ಬಾಳುವ ಹಳದಿ ಕೊರಳಿನ ಪಿಕಳಾರವನ್ನು ಹುಡುಕಿಕೊಂಡು ಪಕ್ಷಿವೀಕ್ಷಕರು ಬರುವುದೂ ಇಂಥ ಜಾಗಕ್ಕೇ. ಮಲೆನಾಡಿನ ಹಾಗೆ ಕತ್ತಲು ಕವಿದ ಕಾಡಲ್ಲ. ಬಿಸಿಲು, ಬಂಡೆ, ಮುಳ್ಳು, ಎಲ್ಲಕ್ಕಿಂತ ಹೆಚ್ಚಾಗಿ ಗಾಳಿ. ಆ ಗಾಳಿಯಿಂದಲೇ ಸುತ್ತಲ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲುಗಟ್ಟಿ ನಿಂತಿವೆ.

ಹೊರಡುವ ಮುಂಚೆ ಮಗ ಫೋನಿನಲ್ಲಿ ವಿಚಾರಿಸಿದ: ವಾಹನ ಎಲ್ಲಿಯ ತನಕ ಬಿಡುತ್ತಾರೆ, ಎಷ್ಟು ಹೊತ್ತಿಗೆ ಇಳಿಯಬೇಕು, ಶೌಚಾಲಯ ಉಂಟೇ. ನನ್ನ ವಯಸ್ಸಿನವರು ಮೂರನೆಯ ಪ್ರಶ್ನೆಯನ್ನೇ ಮೊದಲು ಕೇಳಬೇಕು. ಅದಕ್ಕೆ ಹೆದರಿಯೇ ನಮ್ಮಲ್ಲಿ ಅರ್ಧ ಜನ ಮನೆ ಬಿಡುವುದಿಲ್ಲ, ನೀರು ಕುಡಿಯುವುದನ್ನೂ ಬಿಡುತ್ತಾರೆ. ಡಿಕ್ಕಿಯಲ್ಲಿ ವಾಕರ್ ಜೊತೆಗೆ ಕೈಯಿರುವ ಒಂದು ಪ್ಲಾಸ್ಟಿಕ್ ಕುರ್ಚಿ ಇಟ್ಟೆವು. ಕೈಯಿರಬೇಕು, ಯಾಕೆಂದರೆ ಏಳುವಾಗ ಊರಲು ಅದೇ ಆಧಾರ.

ಹೊಳಲ್ಕೆರೆಯ ಬಯಲು ಗಣಪತಿಗೆ ದೂರದಿಂದಲೇ ಕೈಮುಗಿದು, ದುರ್ಗ ದಾಟಿ, ಬೆಟ್ಟದ ಬುಡದ ಆಡುಮಲ್ಲೇಶ್ವರದ ಕಿರುಮೃಗಾಲಯವನ್ನು ವಾಪಸಾಗುವಾಗ ನೋಡೋಣವೆಂದು ಬಿಟ್ಟು, ಸುತ್ತು ಸುತ್ತಿನ ದಾರಿ ಹತ್ತಿದೆವು. ಮೇಲೆ ಸಮತಟ್ಟು ನೆಲ ನೋಡಿ ಕುರ್ಚಿ ಹಾಕಿದರು. ಕುರ್ಚಿಯ ಕಾಲು ಅಲುಗಾಡದಂತೆ ಮೊಮ್ಮಗ ಚಪ್ಪಟೆ ಕಲ್ಲು ಕೊಟ್ಟ. ಕೂತೆ. ಕೆಳಗೆ ಊರು, ಅದರ ಪಕ್ಕದಲ್ಲಿ ನಾನು ಎಷ್ಟೋ ಸಲ ಹತ್ತಿದ ಏಳುಸುತ್ತಿನ ಕೋಟೆ, ಮಕ್ಕಳು ಮಣ್ಣಿನಲ್ಲಿ ಕಟ್ಟಿ ಬಿಟ್ಟುಹೋದ ಆಟಿಕೆಯಷ್ಟು. ಸ್ವಲ್ಪ ಹೊತ್ತು ನನಗೆ ಮಾತು ಹೊರಡಲಿಲ್ಲ. ಗಾಳಿಗೆ ಕಣ್ಣಲ್ಲಿ ನೀರು ಬಂತು ಎಂದು ಮನೆಯಾಕೆಗೆ ಹೇಳಿದೆ. ಅವಳು ನಂಬಲಿಲ್ಲ.

ಉಳಿದವರು ಕಾಲುದಾರಿ ಹಿಡಿದರು, ಮನೆಯಾಕೆ ನನ್ನ ಜೊತೆ ಉಳಿದಳು. ಸುಮ್ಮನೆ ಕೂತು ಹತ್ತು ನಿಮಿಷವಾಗಿರಬೇಕು, ಪೊದೆಯಿಂದ ಒಂದು ಮುಂಗುಸಿ ಹೊರಬಂತು. ನಮ್ಮನ್ನು ನೋಡಿತು, ಇವು ಅಲುಗಾಡದ ವಸ್ತುಗಳು ಎಂದು ತೀರ್ಮಾನಿಸಿತು, ಮಣ್ಣು ಕೆರೆಯತೊಡಗಿತು. ಅದರ ಹಿಂದೆಯೇ ಹೆಣ್ಣು ನವಿಲೊಂದು ಮರಿಗಳೊಡನೆ ದಾರಿ ದಾಟಿತು. ಅಷ್ಟರಲ್ಲಿ ಮಕ್ಕಳ ಕೇಕೆ ಕೇಳಿಸಿತು, ಎಲ್ಲ ಮಾಯ. ಗುಡ್ಡವೆಲ್ಲ ಸುತ್ತಿ ಬಂದವರಿಗೆ ಸಿಕ್ಕಿದ್ದು ಎರಡು ಓತಿಕ್ಯಾತ! ನಾನು ಕಂಡದ್ದನ್ನು ಹೇಳಿದಾಗ ಮೊಮ್ಮಗಳು ‘ಮೋಸ’ ಎಂದು ಕಾಲು ಝಾಡಿಸಿ, ಆಮೇಲೆ ನನ್ನ ಕುರ್ಚಿಯ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಳು. ಅರ್ಧ ಗಂಟೆ ಒಂದೂ ಮಾತಿಲ್ಲ. ಅವಳ ಮಟ್ಟಿಗೆ ಅದು ದಾಖಲೆ.

ಕಾಡು ನೋಡಲು ನಡೆಯಲೇಬೇಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಹಂಪಿ ಹತ್ತಿರದ ದರೋಜಿ ಕರಡಿಧಾಮದಲ್ಲಿ ಗಟ್ಟಿ ಕಾಲಿನವರೂ ವೀಕ್ಷಣಾ ಗೋಪುರದಲ್ಲಿ ಕೂತೇ ಎದುರಿನ ಬಂಡೆಗಳ ಮೇಲೆ ಕರಡಿ ಬರುವುದನ್ನು ಕಾಯುತ್ತಾರೆ. ಶ್ರವಣಬೆಳಗೊಳದ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಮುದುಕರು ಡೋಲಿಯಲ್ಲಿ ಏರುತ್ತಾರೆ. ಹಂಪಿಯ ವಿಠ್ಠಲ ದೇವಾಲಯಕ್ಕೆ ಬ್ಯಾಟರಿ ಗಾಡಿ ಇದೆ. 2011ರ ಜನಗಣತಿಯಲ್ಲಿ ಕರ್ನಾಟಕದ ಅಂಗವಿಕಲರು 13 ಲಕ್ಷಕ್ಕೂ ಹೆಚ್ಚು; ನನ್ನಂತೆ ವಯಸ್ಸಿನಿಂದ ಕುಂಟುವವರನ್ನು ಸೇರಿಸಿದರೆ ಲೆಕ್ಕ ಎಲ್ಲಿಗೆ ಮುಟ್ಟುತ್ತದೋ! 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಾರ್ವಜನಿಕ ಸ್ಥಳಗಳು ಇವರಿಗೂ ಎಟುಕಬೇಕು ಎನ್ನುತ್ತದೆ. ಹಾಗೆಂದು ಬೆಟ್ಟವನ್ನೆಲ್ಲ ಕಾಂಕ್ರೀಟ್ ಮಾಡಿ ಎಂದು ನಾನು ಕೇಳುವವನಲ್ಲ, ಅದು ಮುಂಗುಸಿಯ ಮನೆ. ಇಂಥ ಕಡೆಗಳಲ್ಲಿ ಐವತ್ತು ಅಡಿ ಸಮತಟ್ಟಾದ ಮಣ್ಣುದಾರಿ, ಹಿಡಿಯಲು ಒಂದು ಕಂಬಿ, ಬೆನ್ನು ಒರಗುವ ಒಂದು ಬೆಂಚು, ಗಾಲಿಕುರ್ಚಿ ಹಿಡಿಸುವ ಶೌಚಾಲಯದ ಬಾಗಿಲು. ಖರ್ಚಿನ ಬಾಬ್ತು ಸಣ್ಣದೇ.

ಇಳಿಯುವಾಗ ಮೊಮ್ಮಗಳು ನೋಟ್‌ಬುಕ್ಕಿನಲ್ಲಿ ಕಂಡ ಪ್ರಾಣಿ-ಪಕ್ಷಿಗಳ ಪಟ್ಟಿ ಬರೆದಳು. ಮುಂಗುಸಿ ಮತ್ತು ನವಿಲಿನ ಮುಂದೆ ‘ತಾತ ಮಾತ್ರ’ ಎಂದು ಷರಾ ಹಾಕಿದ್ದಾಳೆ. ಮುಂದಿನ ರಜೆಗೆ ದರೋಜಿ. ಗೋಪುರಕ್ಕೆ ಎಷ್ಟು ಮೆಟ್ಟಿಲು, ಹಿಡಿಯಲು ಕಂಬಿ ಇದೆಯೇ ಎಂದು ಫೋನ್ ಮಾಡಿ ಕೇಳುವ ಕೆಲಸವನ್ನು ಅವಳಿಗೇ ವಹಿಸಿದ್ದೇನೆ.